ಸೈಕಲ್ ಚೈನಿಗೆ ಕುಸುಬೆ ಎಣ್ಣೆ

ನಮ್ಮ ಮನೆಯಲ್ಲಿ ಎಣ್ಣೆಗಳಿಗೂ ಅಂತಸ್ತು ಇತ್ತು. ಔಡಲ ಎಣ್ಣೆ ಬಂಡಿಯ ಅಚ್ಚಿಗೆ. ಶೇಂಗಾ ಎಣ್ಣೆ ಗಿರಣಿಯಿಂದ ಬರುವಂಥದು, ಆದ್ದರಿಂದ ನಮ್ಮ ಹೊಸ್ತಿಲ ಹೊರಗಿನದು. ಕುಸುಬೆ ಎಣ್ಣೆ ಮಾತ್ರ ರೊಟ್ಟಿಯ ಮೇಲಿನ ಚಟ್ನಿಗೆ, ಮಕ್ಕಳ ನೆತ್ತಿಗೆ, ದೇವರ ದೀಪಕ್ಕೆ. ಅಕ್ಕಲಕೋಟದಲ್ಲಿ ನನ್ನ ತಂದೆಯವರು ಎತ್ತಿನ ಗಾಣ ನಡೆಸುತ್ತಿದ್ದರು. ಅವರಿಗೆ ಓದುಬರಹ ಬರುತ್ತಿರಲಿಲ್ಲ. ಆದರೆ ಎಣ್ಣೆಯನ್ನು ಅಂಗೈಯಲ್ಲಿ ತಿಕ್ಕಿ ಮೂಸಿದರೆ, ಕಾಳು ಕುರನೂರಿನ ಕಡೆಯ ಕರಿನೆಲದ್ದೋ, ಬೇರೆ ಕಡೆಯದೋ ಹೇಳಬಲ್ಲವರಾಗಿದ್ದರು. ಇದನ್ನು ನಾನೀಗ ಹೆಮ್ಮೆಯಿಂದ ಬರೆಯುತ್ತಿದ್ದೇನೆ. ಎಪ್ಪತ್ತರ ದಶಕದ ಆ ವರ್ಷಗಳಲ್ಲಿ, ಸೊಲ್ಲಾಪುರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದ ನಾನು ಇದನ್ನು ಯಾರ ಮುಂದೆಯೂ ಹೇಳುತ್ತಿರಲಿಲ್ಲ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಎರಡು ವರ್ಷ ಶನಿವಾರ ಎಸ್.ಟಿ. ಬಸ್ಸಿನಲ್ಲಿ ಊರಿಗೆ ಬಂದು ರವಿವಾರ ಮರಳುತ್ತಿದ್ದೆ. ಮೂರನೆಯ ವರ್ಷ ತಂದೆಯವರು ಒಂದು ಸೈಕಲ್ ಕೊಡಿಸಿದರು. ಹಳೆಯದು, ಚೈನಿನ ಮೇಲಿನ ಕವರು ಕಳಚಿಹೋಗಿತ್ತು; ಆದರೂ ಅದು ನಮ್ಮ ಮನೆಯ ಮೊದಲನೆಯ ಸೈಕಲ್. ಅದರ ಹಿಂದೆ ಎಣ್ಣೆಯ ಡಬ್ಬಿ ಕಟ್ಟಿಕೊಂಡು, ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿದ್ದ ಒಬ್ಬ ಸಾಹುಕಾರರ ಕಿರಾಣಿ ಅಂಗಡಿಗೆ ಮುಟ್ಟಿಸುವುದು ನನ್ನ ಪಾಲಿನ ಕೆಲಸವಾಯಿತು. ಅವರ ಮನೆಯ ಹಿಂದಿನ ಕೋಣೆಯಲ್ಲಿಯೇ ನನ್ನ ವಾಸ. “ಅಕ್ಕಲಕೋಟದ ಗಾಣದ್ದು” ಎಂದು ಹೇಳಿಯೇ ಅವರು ಆ ಎಣ್ಣೆಯನ್ನು ಕೊಡುತ್ತಿದ್ದರು. ಅಂದರೆ ತಂದೆಯವರ ಹೆಸರು, ಅವರು ಎಂದೂ ಕಾಣದ ಅಡುಗೆಮನೆಗಳಲ್ಲಿ ಓಡಾಡುತ್ತಿತ್ತು.

ಪ್ರತಿ ರವಿವಾರ ನಾನು ಹೊರಡುವ ಮೊದಲು ತಂದೆಯವರು ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಒಂದು ಕೈಯಿಂದ ಪೆಡಲು ತಿರುಗಿಸುತ್ತ, ಇನ್ನೊಂದು ಕೈಯಿಂದ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಕುಸುಬೆ ಎಣ್ಣೆ. ತಾಯಿಯವರು ಒಮ್ಮೆ ಬಾಗಿಲಲ್ಲಿ ನಿಂತು ಕೇಳಿದರು:

“ಬಂಡಿಗಿ ಹಚ್ಚೂ ಔಡಲ ಎಣ್ಣಿ ಅದನಲ್ರಿ. ತಿನ್ನೂ ಎಣ್ಣಿ ಯಾಕ ಸುರುವಾಕತ್ತೀರಿ?”

“ಔಡಲ ಎತ್ತಿನ ಬಂಡಿಗಿ. ಇದು ಸಾಲಿಗಿ ಹೋಗೂ ಸೈಕಲ್. ಇದಕ್ಕ ತಿನ್ನೂ ಎಣ್ಣಿನ ಬೇಕು.”

ಆ ವರ್ಷ ದಸರೆಯ ಖಂಡೆಪೂಜೆಯ ದಿನ ಗಾಣದ ಜೊತೆಗೆ ಸೈಕಲ್ಲಿಗೂ ಪೂಜೆಯಾಯಿತು. ತಂದೆಯವರು ಕೈ ಬಿಚ್ಚಿ ಎಣ್ಣೆ ಹಚ್ಚಿದರು. ಮರುದಿನವೇ ನನಗೆ ಜ್ವರ ಹಿಡಿದು, ದೀಪಾವಳಿಯ ರಜೆ ಮುಗಿಯುವವರೆಗೆ ಊರಿನಲ್ಲಿಯೇ ಉಳಿದೆ. ಸೈಕಲ್ ಅಷ್ಟೂ ದಿನ ಅಂಗಳದ ಬಿಸಿಲಿನಲ್ಲಿ ನಿಂತಿತ್ತು.

ಮರಳಿ ಹೊರಟ ಬೆಳಿಗ್ಗೆ ಪೆಡಲು ಭಾರವಾಗಿತ್ತು. ದಾರಿ ಸಾಗಿದಂತೆ ಸಡಿಲಾದೀತೆಂದುಕೊಂಡೆ. ವಳಸಂಗ ದಾಟುವಾಗ ಅದು ಕಟಕಟನೆ ಜಿಗಿಯತೊಡಗಿತು. ಕುಂಭಾರಿಯ ಹತ್ತಿರ ಚೈನು ಹಲ್ಲಿನ ಗಾಲಿಯಿಂದ ಕಳಚಿ ಬಿದ್ದಿತು. ಏರಿಸಿದರೆ ಮತ್ತೆ ಬಿದ್ದಿತು. ಡಬ್ಬಿ ಹೊತ್ತ ಸೈಕಲ್ಲನ್ನು ಸೊಲ್ಲಾಪುರದವರೆಗೆ ನೂಕಿಕೊಂಡು ಹೋದೆ.

ಸಾಹುಕಾರರ ಅಂಗಡಿಗೆ ಎದುರಾಗಿ ಒಂದು ಸೈಕಲ್ ಅಂಗಡಿಯಿತ್ತು. ಅದರ ಮಿಸ್ತ್ರಿ ಚೈನು ಬಿಚ್ಚಿ, ಒಂದು ತುದಿಯನ್ನು ಹಿಡಿದು ಮೇಲೆತ್ತಿದ. ಚೈನು ಜೋತುಬೀಳಬೇಕು. ಅದು ಡೊಂಕು ಜಾಲಿಯ ಕೊಂಬೆಯಂತೆ ಅವನ ಕೈಯಲ್ಲಿ ಸೆಟೆದು ನಿಂತಿತು. ಕೊಂಡಿ ಕೊಂಡಿಯ ನಡುವೆ ಕಂದು ಬಣ್ಣದ ಗಟ್ಟಿ ಮೇಣದಂಥದ್ದು ಕಟ್ಟಿತ್ತು.

“ಬಿ.ಎಸ್ಸಿ. ಸಾಹೇಬ್ರ, ಇದು ಚೈನೋ, ಬಡಿಗಿನೋ?”

ಅಂಗಡಿಯಲ್ಲಿದ್ದವರು ನಕ್ಕರು. ನಾನೂ ನಕ್ಕೆ, ನಗುವುದು ಸರಿಯೋ ತಪ್ಪೋ ತಿಳಿಯದಾಗ ನಾನು ನಗುತ್ತಿದ್ದೆ.

ಎರಡು ದಿನ ಬಿಟ್ಟು ಹೋದಾಗ, ಸೀಮೆಎಣ್ಣೆಯೂ ಕೆಲಸ ಮಾಡದೆ ಮಿಸ್ತ್ರಿ ಸೋತಿದ್ದ. “ಚಿಮಣಿ ಎಣ್ಣ್ಯಾಗ ಮುಳುಗಿಸಿ ಇಟ್ಟೀನ್ರಿ. ಎಮ್ಮಿ ಕೆರ್ಯಾಗ ಮಲಗಿದಂಗ ಆರಾಮ ಮಲಗ್ಯಾದ, ಕರಗಾಕ ಒಲ್ಲದು. ಎಂಥಾ ಜಿಗಟ ಗ್ರೀಸ್ ಆದ್ರೂ ಚಿಮಣಿ ಎಣ್ಣಿಗಿ ಬಿಡತದ. ಎಣ್ಣ್ಯಾಗ ಏನ ಕಲಸ್ಯಾರ್ರಿ ನಿಮ್ಮ ಮನ್ಯಾಗ? ಡಾಂಬರೇನು?”

ಆ ಮಾತಿಗೆ ಸಾಹುಕಾರರು ತಮ್ಮ ಗಾದಿಯಿಂದ ಎದ್ದು ರಸ್ತೆ ದಾಟಿ ಬಂದರು. ಅವರು ಎಂದೂ ದನಿ ಏರಿಸಿದವರಲ್ಲ.

“ತಮ್ಮಾ, ಇದಕ್ಕ ಹಚ್ಚಿದ್ದು ಯಾವ ಎಣ್ಣಿ?”

“ನಮ್ಮ... ನಮ್ಮ ಕುಸುಬಿ ಎಣ್ಣಿರಿ.”

“ನನಗ ತರತಿಯಲ್ಲ, ಅದು?”

“ಹೌದ್ರಿ. ಅದನ.”

ಅವರು ಚೈನನ್ನು ಉಗುರಿನಿಂದ ಕೆರೆದು ನೋಡಿದರು. “ಅಪ್ಪಗ ಬಾ ಅನ್ನು. ಅಲ್ಲೀಮಟ ನೀ ತಂದ ಡಬ್ಬಿ ಬಾಯಿ ತೆಗಿಯೂದಿಲ್ಲ. ನಾ ನಾಕ ಮನಿಗಿ ಆತನ ಹೆಸರ ಹೇಳಿ ಎಣ್ಣಿ ಕೊಡಾಂವ.”

ಕಲಬೆರಕೆ ಎಂಬ ಶಬ್ದವನ್ನು ಅವರು ಉಚ್ಚರಿಸಲಿಲ್ಲ. ನಾನೂ ಊರಿಗೆ ಬರೆದ ಕಾರ್ಡಿನಲ್ಲಿ ಆ ಶಬ್ದವನ್ನು ಬರೆಯಲಾರದೆ ಹೋದೆ. “ಸೈಕಲ್ ಕೆಟ್ಟಿರುವುದರಿಂದ ಬರುವ ಸೋಮವಾರ ಡಬ್ಬಿಯನ್ನು ತಾವೇ ತರುವ ಕೃಪೆ ಮಾಡಬೇಕು” ಎಂದಷ್ಟೇ ಬರೆದೆ. ತಂದೆಗೆ ಬರೆಯುವಾಗಲೂ ವ್ಯಾಕರಣ ತಪ್ಪಬಾರದೆಂಬ ಭಯ. ಅವರಿಗೆ ಕಾರ್ಡು ಓದಿ ಹೇಳುವವರು ಸಾಲಿಯ ಮಾಸ್ತರರಾಗಿದ್ದರಲ್ಲ.

ಈಗ ಒಂದು ತಪ್ಪೊಪ್ಪಿಗೆ. ಆ ವಾರ ನಾನೂ ತಂದೆಯವರ ಮೇಲೆ ಸಂಶಯಪಟ್ಟೆ. ನನ್ನ ಸಂಶಯಕ್ಕೆ ಪಠ್ಯಪುಸ್ತಕದ ಆಧಾರವಿತ್ತು. ಕೆಲವು ಎಣ್ಣೆಗಳು ಗಾಳಿಗೂ ಬೆಳಕಿಗೂ ಒಡ್ಡಿದಾಗ ಒಣಗಿ ಗಟ್ಟಿ ಪೊರೆಯಾಗುತ್ತವೆ, ಅವುಗಳಿಂದ ಬಣ್ಣ ವಾರ್ನಿಶು ಮಾಡುತ್ತಾರೆ ಎಂದು ಅದರಲ್ಲಿತ್ತು. ಇಂಗ್ಲೀಷಿನಲ್ಲಿ ನಾಲ್ಕು ಹೆಸರು: ಲಿನ್‌ಸೀಡ್, ತುಂಗ್, ಪಾಪಿ, ಸಾಫ್ಲವರ್. ನಾಲ್ಕನ್ನೂ ಕಂಠಪಾಠ ಮಾಡಿದ್ದೆ. ಚೈನಿನ ಮೇಲಿನದು ಒಣಗುವ ಎಣ್ಣೆ ಎಂಬುದು ಸ್ಪಷ್ಟ. ಕುಸುಬೆ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ನಮ್ಮ ಎಣ್ಣೆಯಲ್ಲಿ ಬೇರೇನೋ ಬೆರೆತಿದೆ. ಇಷ್ಟು ನೇರವಾದ ತರ್ಕವನ್ನು ನಾನು ಪರೀಕ್ಷೆಯಲ್ಲಿಯೂ ಬರೆದಿರಲಿಲ್ಲ. ಬರೆದು ಮುಗಿಸಿದವನಂತೆ ಪುಸ್ತಕ ಮುಚ್ಚಿ, ಊಟ ಮಾಡದೆ ಕುಳಿತೆ.

ಆದರೂ ಚೈನನ್ನು ಶುದ್ಧ ಮಾಡಬೇಕಿತ್ತು. ತಂದೆಯವರು ಬಂದಾಗ ಅದು ಬಡಿಗೆಯಂತೆ ಮೊಳೆಗೆ ನೇತಾಡುವುದು ಬೇಡ. ಒಣಗಿದ ಎಣ್ಣೆ ಚಿಮಣಿ ಎಣ್ಣೆಗೆ ಬಗ್ಗುವುದಿಲ್ಲ. ಕ್ಷಾರಕ್ಕೆ ಬಗ್ಗಬೇಕು, ಸಾಬೂನಿನಂತಾಗಿ ಬಿಡಬೇಕು ಎಂದು ನಾನು ಓದಿದ್ದೆ. ಶನಿವಾರ ಮಧ್ಯಾಹ್ನ ಬಟ್ಟೆ ತೊಳೆಯುವ ಸೋಡಾ ತಂದು, ಮಿಸ್ತ್ರಿಯ ಒಲೆಯ ಮೇಲೆ ಹಳೆಯ ಡಬ್ಬಿಯಲ್ಲಿ ನೀರಿಟ್ಟು, ಚೈನನ್ನು ಅದರಲ್ಲಿ ಕುದಿಸಿದೆ.

“ಉಪ್ಪ ಖಾರ ನೋಡ್ಕೋರಿ ಸಾಹೇಬ್ರ,” ಎಂದ ಮಿಸ್ತ್ರಿ. “ಸಾರು ಚಲೋ ಆದ್ರ ನನಗೂ ಒಂದ ವಾಟಿ.”

ಮೊದಲು ಏನೂ ಆಗಲಿಲ್ಲ. ಆಮೇಲೆ ನೀರು ಕಂದಾಯಿತು, ನೊರೆಗಟ್ಟಿತು. ಕಡ್ಡಿಯಿಂದ ಎತ್ತಿದಾಗ ಚೈನಿನ ತುದಿ ತಾನಾಗಿಯೇ ಬಾಗಿತು. ಮಿಸ್ತ್ರಿ ಕೈಯಲ್ಲಿದ್ದ ನಟ್ಟು ತಿರುಗಿಸುವ ಪಾನಾ ಕೆಳಗಿಟ್ಟು ಹತ್ತಿರ ಬಂದ. ಸವೆದ ಹಲ್ಲುಜ್ಜುವ ಬ್ರಶ್ಶಿನಿಂದ ಒಂದೊಂದೇ ಕೊಂಡಿಯನ್ನು ತಿಕ್ಕಿದೆ, ಎರಡು ಬಾರಿ ನೀರು ಬದಲಿಸಿ ತೊಳೆದೆ, ತುಕ್ಕು ಹಿಡಿಯದಂತೆ ಕೂಡಲೇ ಬಟ್ಟೆಯಿಂದ ಒರೆಸಿ, ಚಿಮಣಿ ಎಣ್ಣೆಯಲ್ಲಿ ಅದ್ದಿ ತೆಗೆದು ಬಿಸಿಲಿಗೆ ಹರವಿದೆ. ಸಂಜೆಯ ಹೊತ್ತಿಗೆ ಅದು ಬೆಳ್ಳಿಯ ಉಡದಾರದಂತೆ ಹೊಳೆಯಿತು. ಓದಿದ್ದು ಕೈಗೆ ಬಂದದ್ದು ಅದೇ ಮೊದಲು. ಸೈಕಲ್ಲಿನ ಹಲ್ಲಿನ ಗಾಲಿಯ ಮೇಲೂ ಅದೇ ಕಂದು ಪೊರೆ ಇತ್ತು. ಅದನ್ನು ಕುದಿಸುವಷ್ಟು ದೊಡ್ಡ ಡಬ್ಬಿ ಸಿಗಲಿಲ್ಲ.

ಸೋಮವಾರ ತಂದೆಯವರು ಎಸ್.ಟಿ. ಇಳಿದು, ಹೆಗಲ ಮೇಲೆ ಡಬ್ಬಿ ಹೊತ್ತು ಬಂದರು. ತಲೆಗೆ ಬಿಳಿಯ ಪಟಗಾ ಸುತ್ತಿದ್ದರು. ಸಾಹುಕಾರರು ನೀರು ಕೊಡಿಸಿ, ಅವರನ್ನು ಸೈಕಲ್ ಅಂಗಡಿಗೆ ಕರೆದುಕೊಂಡು ಬಂದು, ಆಗಿದ್ದನ್ನೆಲ್ಲ ಹೇಳಿ, ಕೊನೆಗೆ ಹೇಳಲೇಬೇಕಾದದ್ದನ್ನೂ ಹೇಳಿದರು:

“ಮಂದಿ ಕಲಬೆರಕಿ ಅಂತಾರ. ನಾ ಅನ್ನೂದಿಲ್ಲ, ಕೇಳಾಕತ್ತೀನಿ.”

ನಾನು ನೆಲ ನೋಡುತ್ತ ನಿಂತಿದ್ದೆ. ತಂದೆಯವರು ಕುಳಿತು, ಹಲ್ಲಿನ ಗಾಲಿಯ ಪೊರೆಯನ್ನು ಹೆಬ್ಬೆರಳ ಉಗುರಿನಿಂದ ಎಬ್ಬಿಸಿದರು. ಬಿಸಿಲಿಗೆ ಹಿಡಿದರು, ಮೂಸಿದರು, ಮುಂದಿನ ಹಲ್ಲುಗಳ ನಡುವೆ ಇಟ್ಟು ಕಚ್ಚಿದರು. ಆಮೇಲೆ ಮುಖ ಅರಳಿಸಿದರು. ಆ ಮುಖವನ್ನು ನಾನು ನಿರೀಕ್ಷಿಸಿರಲಿಲ್ಲ.

“ಸಾವಕಾರ್ರ, ಇದು ನನ್ನ ಎಣ್ಣಿನ. ಚೊಕ್ಕ ಕುಸುಬಿ. ಬ್ಯಾರೆ ಎಣ್ಣಿ ಕಲಸಿದ್ದರ ಹಿಂಗ ಕಟ್ಟತಿದ್ದಿಲ್ಲ, ಜಿಬಿಜಿಬಿ ಉಳೀತಿತ್ತು. ಬಾವಿ ನೀರ ಎತ್ತೂ ಚರ್ಮದ ಮೋಟ ಹೊಲೀತಾರಲ್ಲ, ಅವರು ನಮ್ಮ ಗಾಣಕ್ಕ ಯಾಕ ಬರತಿದ್ರು? ಚರ್ಮಕ್ಕ ಹಚ್ಚಿ ಬಿಸಲಿಗಿ ಇಟ್ಟರ ಎಣ್ಣಿ ಒಣಗಿ ನೀರ ತಡೀಬೇಕು. ಒಣಗಲಿಲ್ಲಂದ್ರ ತಂದು ನನ್ನ ಮುಖಕ್ಕ ಒಗೀತಿದ್ರು. ಒಂದ ಸಲನೂ ಒಗದಿಲ್ಲ.”

“ಹಂಗಾದ್ರ ಕಾಕಾ,” ಎಂದ ಮಿಸ್ತ್ರಿ, “ಊರ ಮಂದೀಗೆಲ್ಲ ನಿಮ್ಮ ಎಣ್ಣಿನ ಹಚ್ಚಾಕ ಹೇಳ್ರಿ. ನನ್ನ ಅಂಗಡಿ ನಡೀತದ.”

ಸಾಹುಕಾರರೂ ನಕ್ಕರು, ಆದರೆ ಡಬ್ಬಿಯ ಕಡೆ ನೋಡಿದರು. ಅವರ ಸಂಶಯ ಇನ್ನೂ ಹೋಗಿಲ್ಲವೆಂದು ತಿಳಿದ ತಂದೆಯವರು ಅಂಗಡಿಯಲ್ಲಿ ಬಿದ್ದಿದ್ದ ಒಂದು ತಗಡು ಎತ್ತಿಕೊಂಡರು. “ನನ್ನ ಮಾತ ಬ್ಯಾಡ್ರಿ. ಮೊದಲ ತಂದ ಡಬ್ಬಿ ನಿಮ್ಮಲ್ಲೇ ಅದಲ್ಲ? ಅದರಾಗಿನ ಎಣ್ಣಿ ಈ ತಗಡಿನ ಮ್ಯಾಲ ಒಂದ ಕಡಿ ಹಚ್ಚರಿ. ಇನ್ನೊಂದ ಕಡಿ, ಅದಕ್ಕ ನಿಮ್ಮ ಶೇಂಗಾ ಎಣ್ಣಿ ಅರ್ಧಕ್ಕರ್ಧ ನಿಮ್ಮ ಕೈಲೆನ ಕಲಸಿ ಹಚ್ಚರಿ. ಮುಂದಿನ ಸೋಮವಾರ ಬರತೀನಿ.”

ಸಾಹುಕಾರರು ಸ್ವತಃ ಹಚ್ಚಿದರು. ತಗಡು ಸೈಕಲ್ ಅಂಗಡಿಯ ಮಾಡಿನ ಮೇಲೆ ಏರಿತು. ಹೊರಡುವ ಮುಂಚೆ ತಂದೆಯವರು ತೊಳೆದ ಚೈನನ್ನು ಕೇಳಿ ತೆಗೆದುಕೊಂಡು, ಒಂದು ಅಂಗೈಯಿಂದ ಇನ್ನೊಂದಕ್ಕೆ ಸುರಿದರು. “ಕಾಳ ಸುರುವಿದಂಗ ಅದ,” ಎಂದರು. ನಾನು ತೊಳೆದದ್ದೆಂದು ಮಿಸ್ತ್ರಿ ಹೇಳಿದಾಗ ಮತ್ತೊಮ್ಮೆ ಸುರಿದರು.

ಪುಸ್ತಕ ಸುಳ್ಳಾಗಬೇಕು, ಇಲ್ಲವೇ ತಂದೆಯವರು. ಎರಡು ದಿನ ತಾಳಿ, ಧೈರ್ಯ ಮಾಡಿ, ನಮ್ಮ ಅಧ್ಯಾಪಕರನ್ನು ಕೇಳಿದೆ: ಒಣಗುವ ಎಣ್ಣೆಗಳ ಪಟ್ಟಿಯಲ್ಲಿ ಕುಸುಬೆ ಇದೆಯೇ? ಅವರು ಮರಾಠಿಯವರು. ಕುಸುಬೆ ಎಂಬ ಶಬ್ದ ಅವರಿಗೆ ತಿಳಿಯಲಿಲ್ಲ. ಮರಾಠಿಯಲ್ಲಿ ಕರಡಈ ಎಂದೆ. ಅವರು ನನ್ನನ್ನೇ ನೋಡಿದರು.

“ಅರೇ, ಕರಡಈ ಮ್ಹಣಜೇಚ ಸಾಫ್ಲವರ್! ನಿಮ್ಮ ಅಕ್ಕಲಕೋಟದ ಹೊಲಗಳ ತುಂಬ ಅದೇ ಇದೆಯಲ್ಲ?”

ಕುಸುಬೆಯೇ ಕರಡಈ, ಕರಡಈ ಎಂದರೆ ಸಾಫ್ಲವರ್. ಆ ಹೂವು ದೂರದ ಯಾವುದೋ ತಂಪು ದೇಶದಲ್ಲಿ ಬೆಳೆಯುವುದೆಂದು ನಾನು ನಂಬಿದ್ದೆ. ಅದರ ಹೆಸರು ಬರೆದು ಅಂಕಗಳನ್ನೂ ಗಳಿಸಿದ್ದೆ. ಅದರ ಮುಳ್ಳು ಚುಚ್ಚಿಸಿಕೊಂಡು, ಅದರ ಎಳೆಯ ಎಲೆಯ ಪಲ್ಯ ಉಂಡು, ಅದರ ಎಣ್ಣೆಯನ್ನು ನೆತ್ತಿಗೆ ಒತ್ತಿಸಿಕೊಂಡು ಬೆಳೆದವನು ನಾನು. ನಾಚಿಕೆಯಾಯಿತು ಎಂದು ಬರೆದರೆ ಪೂರ್ತಿ ಸತ್ಯವಾಗದು. ಕಾಲೇಜಿನಿಂದ ವಿಜಾಪುರ ರಸ್ತೆಯವರೆಗೆ ನಡೆದು ಬರುವಾಗ, ಎದುರಾದವರನ್ನೆಲ್ಲ ನಿಲ್ಲಿಸಿ, ನಮ್ಮ ಗಾಣ ಆ ಪುಸ್ತಕದಲ್ಲಿದೆ ಎಂದು ಹೇಳಬೇಕೆನ್ನಿಸುತ್ತಿತ್ತು.

ಸೋಮವಾರ ತಗಡು ಕೆಳಗಿಳಿಯಿತು. ಸಾಹುಕಾರರು ಬೆರಳಿಟ್ಟರು. ಬೆರೆಸಿದ ಎಣ್ಣೆ ಬೆರಳಿಗೆ ಅಂಟಿತು. ಚೊಕ್ಕ ಎಣ್ಣೆಯ ಮೇಲೆ ಬೆರಳು ಗಾಜಿನ ಮೇಲೆ ಸರಿದಂತೆ ಸರಿಯಿತು. ಅವರು ಅಂಗಡಿಗೆ ಹೋಗಿ, ಮುಚ್ಚಿಟ್ಟ ಡಬ್ಬಿಯ ಬಾಯಿ ತೆಗೆದು, ಮೊದಲ ಅಳತೆಯನ್ನು ತಮ್ಮ ಮನೆಯ ಅಡುಗೆಗೇ ಕಳಿಸಿದರು.

ತಂದೆಯವರು ನನ್ನ ಕೋಣೆಗೆ ಬಂದು, ಚೀಲದಿಂದ ಒಂದು ಸಣ್ಣ ಬಾಟಲಿ ತೆಗೆದರು. ಔಡಲ ಎಣ್ಣೆ.

“ಎಣ್ಣೀದು ತಪ್ಪಲ್ಲ ತಮ್ಮಾ, ಹಚ್ಚಿದ ಕೈದು ತಪ್ಪು. ಗಾಲಿಗಿ ಗಾಲಿ ಎಣ್ಣಿನ ಹಚ್ಚಬೇಕು. ನಿಮ್ಮ ಅವ್ವ ಮೊದಲ ಹೇಳಿದ್ದಳು. ಆಕೀಗಿ ಏನೂ ಹೇಳಬ್ಯಾಡ.”

ನಾವಿಬ್ಬರೂ ಬಾಗಿಲ ಮುಂದೆ ಕುಳಿತು ಚೈನು ಏರಿಸಿದೆವು. ನಾನು ಪೆಡಲು ತಿರುಗಿಸಿದೆ. ಅವರು ಕೊಂಡಿಗೊಂದು ಹನಿಯಂತೆ ಬಿಟ್ಟರು, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿದರು. ಚೈನು ಸದ್ದಿಲ್ಲದೆ ಹರಿಯಿತು. ಆಗ ನಾನು ಪುಸ್ತಕದ ವಿಷಯ ಹೇಳಿದೆ. ನಾನು ಸಂಶಯಪಟ್ಟದ್ದನ್ನೂ ಹೇಳಿದೆ.

“ಗೊತ್ತಿತ್ತು. ಕಾರ್ಡಿನ್ಯಾಗ ನಿನ್ನ ಅಕ್ಷರ ನಡುಗ್ಯಾವ ಅಂತ ಮಾಸ್ತರ ಹೇಳಿದ್ರು.” ಪೆಡಲಿನ ಮೇಲಿದ್ದ ನನ್ನ ಕೈ ನಿಂತಿತು. ಅವರೇ ತಿರುಗಿಸಿದರು. “ಪುಸ್ತಕದಾಗ ನಮ್ಮ ಎಣ್ಣಿ ಎಷ್ಟನೇದ್ದು?”

“ನಾಕನೇದ್ದುರಿ.”

“ಮೊದಲನೇದು ಯಾವುದು?”

“ಲಿನ್‌ಸೀಡ್. ಅಂದ್ರ ಅಗಸಿರಿ.”

ಅವರು ಬಟ್ಟೆಯನ್ನು ಮಡಚಿದರು.

“ಹೌದು, ಅಗಸಿ ನಮ್ಮದಕ್ಕಿಂತ ಜಲ್ದಿ ಒಣಗತದ. ಬರಾಬರಿ ಬರದಾರ,” ಎಂದರು. “ಪುಸ್ತಕ ಚೊಕ್ಕ ಅದ. ಓದು.”