ಹಾಲಿನ ಸಕ್ಕರೆ ತೊಳೆಯುವ ಗುನ್ವೋರ್

ಲುಂಡ್ ಊರಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಬೂಟಿನ ಹಿಮ ಕೊಡವಿ ಪ್ರಯೋಗಾಲಯದ ಶೀತಕೋಣೆ ಹೊಕ್ಕ ಗುನ್ವೋರ್ ಓಕೆಸನ್, ಕೋಟು ಬಿಚ್ಚುವ ಮೊದಲೇ ಉಪ್ಪುನೀರಿನ ಪಾತ್ರೆಯಲ್ಲಿ ತೇಲುವ ಪುಟ್ಟ ಚೀಲವನ್ನು ನೋಡುತ್ತಾರೆ. ಅದರೊಳಗಿರುವುದು ಗ್ಯಾಲೆಕ್ಟಿನ್, ಸಕ್ಕರೆಯನ್ನು ಹಿಡಿದುಕೊಳ್ಳುವ ಪ್ರೋಟೀನು. ಪಾತ್ರೆಯ ಮೇಲೆ ನಿನ್ನೆ ಬೆಳಗಿನ ಚೀಟಿಯೇ ಇದೆ. ಸಂಜೆ ನೀರು ಬದಲಿಸಲು ಅವರು ಮರೆತಿದ್ದಾರೆ.

ಬೀಟ್‌ರೂಟ್ ಸಕ್ಕರೆ ಕಾರ್ಖಾನೆ ಮುಚ್ಚಿದಾಗ ಕೆಲಸ ಕಳೆದುಕೊಂಡು ಇಲ್ಲಿ ಪ್ರಯೋಗಾಲಯ ಸಹಾಯಕಿಯಾಗಿ ಸೇರಿದವರು ಗುನ್ವೋರ್. "ನಾನು ಬಿಟ್ರೂ ಸಕ್ಕರೆ ನನ್ನ ಬಿಡಲಿಲ್ಲ" ಎನ್ನುತ್ತಾರೆ. ದೇಹದ ಕಾವಲು ಪಡೆ ಕೆಲವೊಮ್ಮೆ ತನ್ನ ಮನೆಯ ಮೇಲೆಯೇ ಬೀಳುತ್ತದೆ. ಆಗ ಲಗಾಮು ಎಳೆಯುವವು ನಿಯಂತ್ರಕ ಕೋಶಗಳು. ಅವುಗಳ ಮೈಮೇಲಿನ ಸಕ್ಕರೆಯನ್ನು ಹಿಡಿದು ಗ್ಯಾಲೆಕ್ಟಿನ್ ಅವಕ್ಕೆ ಬಲ ಕೊಡುತ್ತದೆಯೇ ಎಂಬುದು ಇಲ್ಲಿನವರ ಹುಡುಕಾಟ. ಪ್ರೋಟೀನನ್ನು ಬೇರ್ಪಡಿಸಲು ಹಾಲಿನ ಸಕ್ಕರೆ ಬೇಕು. ಆಮೇಲೆ ಅದೇ ಸಕ್ಕರೆಯನ್ನು ತೊಳೆದು ತೆಗೆಯಬೇಕು. ಅದು ಚೀಲದಿಂದ ಉಪ್ಪುನೀರಿಗೆ ಇಳಿದುಹೋಗುತ್ತದೆ, ಅದಕ್ಕೇ ನೀರನ್ನು ಬದಲಿಸುತ್ತಿರಬೇಕು.

"ಕೈ ತುಂಬ ಸಕ್ಕರೆ ಹಿಡ್ಕೊಂಡೋನು ಇನ್ನೊಬ್ರ ಕೈ ಹೇಗೆ ಹಿಡೀತಾನೆ?" ಎನ್ನುತ್ತಾರೆ ಗುನ್ವೋರ್.

ಪಕ್ಕದ ಕೋಣೆಯಲ್ಲಿ ಯುವ ಸಂಶೋಧಕ ಟೋರ್ಕೆಲ್, ಸಂಧಿವಾತದ ರೋಗಿಯೊಬ್ಬಳ ಕೋಶಗಳನ್ನು ಸಿದ್ಧ ಮಾಡಿಕೊಂಡು ಕೂತಿದ್ದಾನೆ. ನಾಳೆಯಿಂದ ಅವಳಿಗೆ ಔಷಧಿ ಶುರು. ಔಷಧಿ ಸೋಕದ ರಕ್ತ ಮತ್ತೆ ಸಿಗುವುದಿಲ್ಲ. ಗುನ್ವೋರ್ ಸುಮ್ಮನಿದ್ದರೆ ಅವರ ಮರೆವು ಯಾರಿಗೂ ತಿಳಿಯದು. "ಪರಿಣಾಮವಿಲ್ಲ" ಎಂಬ ಉತ್ತರ ಬರುತ್ತದೆ, ಎಲ್ಲರೂ ನಂಬುತ್ತಾರೆ.

"ಟೋರ್ಕೆಲ್, ತಡಿ. ನಿನ್ನೆ ನಾನು ನೀರು ಬದಲಾಯಿಸಿಲ್ಲ."

"ನೀನಾ? ದಿನಾ ನನಗೆ ಬೈಯೋಳು?"

"ನಾನೇ. ಬೇಗ ಬೈದು ಮುಗಿಸು, ಕೆಲಸ ಇದೆ."

ಅವನು ಬೈಯುವುದಿಲ್ಲ. ಕೋಶಗಳನ್ನು ಬೆಚ್ಚನೆಯ ಪೆಟ್ಟಿಗೆಗೆ ಮರಳಿಸುತ್ತಾನೆ. "ಮಧ್ಯಾಹ್ನದ ತನಕ ಕಾಯ್ತವೆ. ಆಮೇಲೆ ನನ್ನ ಕೈಲಿಲ್ಲ."

ಉಳಿದ ಸಕ್ಕರೆ ಬೇಗ ಬೇರಾಗಲೆಂದು ಗುನ್ವೋರ್ ಪ್ರೋಟೀನನ್ನು ಸೋಸುವ ಕೊಳವೆಗೆ ಹನಿಹನಿಯಾಗಿ ಬಿಡುತ್ತಾರೆ. ತಪ್ಪು ಮಾಡಿದವರೇ ಕಾಫಿ ಹೊತ್ತಿಗೆ ಕೇಕ್ ತರುವುದು ಇಲ್ಲಿನ ರೂಢಿ.

"ಬಾದಾಮಿದೇ ತಾ, ಅಂಗಡಿದು ಬೇಡ" ಎಂದು ಟೋರ್ಕೆಲ್ ಕೆಣಕುತ್ತಾನೆ.

"ಮೊದಲು ಇದು ಬದುಕಲಿ ಮಾರಾಯ."

ಕೊನೆಗೆ ಪರೀಕ್ಷೆ. ಗುಳಿಗಳಿರುವ ತಟ್ಟೆಯಲ್ಲಿ ಕೆಂಪು ರಕ್ತಕಣಗಳಿಗೆ ಪ್ರೋಟೀನು ಬೆರೆಸುತ್ತಾರೆ. ಅದರ ಕೈ ಖಾಲಿಯಿದ್ದರೆ ಕಣಗಳು ಒಂದನ್ನೊಂದು ಹಿಡಿದು ಬಲೆಯಂತೆ ಹರಡುತ್ತವೆ. ಇಲ್ಲದಿದ್ದರೆ ತಳಕ್ಕೆ ಜಾರಿ ಚುಕ್ಕೆಯಾಗುತ್ತವೆ. ಗುನ್ವೋರ್ ಕುರ್ಚಿ ಬಿಟ್ಟು ಕದಲುವುದಿಲ್ಲ. ಕೆಂಪು ಹರಡುತ್ತದೆ. ಅವರು ಪ್ರೋಟೀನಿನ ನಳಿಕೆಯನ್ನು ಟೋರ್ಕೆಲ್‌ಗೆ ದಾಟಿಸಿ ಕೈಗವಸು ಕಳಚುತ್ತಾರೆ.

ಪ್ರಬಂಧಗಳ ಕೊನೆಯಲ್ಲಿ, ಕೃತಜ್ಞತೆಯ ಸಾಲಿನಲ್ಲಿ, ಅವರ ಹೆಸರಿರುತ್ತದೆ. ಫಲಿತಾಂಶ ಏನು ಬರಬೇಕೆಂಬ ಆಸೆ ಎಂದು ಕೇಳಿದರೆ ಹೇಳುತ್ತಾರೆ:

"ಹೌದು ಅಂತಾದ್ರೂ ಬರಲಿ, ಇಲ್ಲ ಅಂತಾದ್ರೂ ಬರಲಿ. ಆ ಹೆಂಗಸು ಕೊಟ್ಟ ರಕ್ತ ನನ್ನಿಂದಾಗಿ ಸುಳ್ಳು ಹೇಳಬಾರದು."