ಆಂಬುಲೆನ್ಸ್ ಶೆಡ್ಡಿನ ಗಂಟೆಯಮ್ಮ

ಬೆಳಕು ಇನ್ನೂ ಸರಿಯಾಗಿ ಬಿಟ್ಟಿಲ್ಲ. ಆಂಬುಲೆನ್ಸ್ ಶೆಡ್ಡಿನ ತಗಡಿನ ಮಾಡಿನ ಕೆಳಗೆ ರಾತ್ರಿ ಪಾಳಿಯ ವಾಹನಗಳು ಒಂದೊಂದಾಗಿ ಬಂದು ನಿಲ್ಲುತ್ತಿವೆ. ಯಾರೋ ಸ್ಟ್ರೆಚರ್ ತೊಳೆಯುತ್ತಿದ್ದಾರೆ. ಫಿನಾಯಿಲ್, ಡೀಸೆಲ್, ಚಹಾ ಮೂರರ ವಾಸನೆಯೂ ಒಂದರೊಳಗೊಂದು ಕಲಸಿಹೋಗಿದೆ. ಗೋಡೆಗೆ ಒತ್ತಿ ಹಾಕಿದ ಮರದ ಬೆಂಚಿನ ಮೇಲೆ ಐವತ್ತು ದಾಟಿ ವರ್ಷಗಳಾದ ಹೆಂಗಸೊಬ್ಬರು ಚಾಲಕರ ಫೋನುಗಳನ್ನು ಇಸ್ಪೀಟಿನ ಎಲೆ ಹಾಸಿದ ಹಾಗೆ ಸಾಲಾಗಿ ಹಾಸುತ್ತಿದ್ದಾರೆ. ಪ್ರತಿಯೊಂದರ ಚಾರ್ಜರ್ ವೈರು ಕಿತ್ತು, ಪರದೆ ಆರಿಸಿ, ಬೋರಲು ಮಲಗಿಸುತ್ತಾರೆ. ಆಮೇಲೆ ಸುಮ್ಮನೆ ಕೂರುತ್ತಾರೆ. ಯಾರಾದರೂ ಬೆಂಚು ಅಲುಗಿಸಿದರೆ ಕಣ್ಣಲ್ಲೇ ಗದರುತ್ತಾರೆ.

ಸಾಕಷ್ಟು ಹೊತ್ತಾದ ಮೇಲೆ ತೊಡೆಯ ಮೇಲಿನ ಲ್ಯಾಪ್‌ಟಾಪಿನಿಂದ ಒಂದು ಸುಳ್ಳು ಕರೆ ಕಳಿಸುತ್ತಾರೆ. ಬೆಂಚಿನ ತುಂಬ ಗಂಟೆ ಶುರುವಾಗುತ್ತದೆ. ಶೆಡ್ಡಿನ ಮೂಲೆಯಲ್ಲಿ ಮಲಗಿದ್ದ ನಾಯಿ ಎದ್ದು ಹೊರಗೆ ನಡೆಯುತ್ತದೆ.

"ಗಂಟೆಯಮ್ಮಾ, ನಿಮ್ಮ ಕಾಟಕ್ಕೆ ನನ್ನ ಫೋನಿಗೂ ಬಿ.ಪಿ. ಬಂದಿದೆ," ಅನ್ನುತ್ತಾನೆ ಮೀಸೆಯ ಚಾಲಕನೊಬ್ಬ.

"ಬರ್ಲಿ ಬಿಡಪ್ಪ. ನಿದ್ದೆ ಬರೋದಕ್ಕಿಂತ ವಾಸಿ," ಅನ್ನುತ್ತಾರೆ ಅವರು, ನಗದೆ.

ಇವತ್ತು ಒಂದು ಫೋನು ಮಾತ್ರ ಬಾಯಿ ಬಿಟ್ಟಿಲ್ಲ. ಅದನ್ನೆತ್ತಿ ಕನ್ನಡಕವನ್ನು ಹಣೆಗೇರಿಸಿ ನೋಡುತ್ತಾರೆ. ರಾತ್ರಿ ಯಾರನ್ನೂ ಕೇಳದೆ ಫೋನು ತನ್ನಷ್ಟಕ್ಕೆ ಹೊಸ ಆವೃತ್ತಿಗೆ ಬದಲಾಗಿದೆ; ಬದಲಾಗುವ ಭರದಲ್ಲಿ ಅವರ ಪ್ರೋಗ್ರಾಂಗೆ ಕೊಟ್ಟಿದ್ದ ಅನುಮತಿಯನ್ನು ಮರೆತಿದೆ. ಅದನ್ನು ಸರಿಪಡಿಸಿ, ಮತ್ತೆ ಬೋರಲು ಮಲಗಿಸಿ, ಮತ್ತೆ ಕಾಯುತ್ತಾರೆ. ಈ ಕೆಲಸ ಮಾಡು ಎಂದು ಅವರಿಗೆ ಯಾರೂ ಹೇಳಿಲ್ಲ. ಅವರ ಹುದ್ದೆ ಇರುವುದು ಊರಿನ ಇನ್ನೊಂದು ತುದಿಯ ಕಚೇರಿಯಲ್ಲಿ, ಮೂರನೇ ಮಹಡಿಯಲ್ಲಿ. ಅಲ್ಲಿಗೆ ಹೋಗುವ ಮೊದಲು ದಿನಕ್ಕೊಂದು ಶೆಡ್ಡಿನಂತೆ ಸುತ್ತುತ್ತಾರೆ. ಫೋನುಗಳಲ್ಲಿರುವ ಪ್ರೋಗ್ರಾಂ ಬರೆದವರು ಇವರೇ ಎಂಬುದು ಚಾಲಕರಲ್ಲಿ ಅರ್ಧಕ್ಕರ್ಧ ಜನಕ್ಕೆ ಗೊತ್ತಿಲ್ಲ. ಯಾರೋ ತಪಾಸಣೆಯವರು ಅಂದುಕೊಂಡಿದ್ದಾರೆ.

ಗಂಟೆಯಮ್ಮ ಟೈಪಿಸ್ಟ್ ಆಗಿ ಸೇರಿದವರು. ಆಗ ತುರ್ತು ಕರೆಗಳ ಕೇಂದ್ರದಲ್ಲಿ ಗಾಜಿನ ಗೋಡೆಯ ತಣ್ಣನೆ ಕೋಣೆಯೊಳಗೆ ಬೀರುವಿನಷ್ಟು ಎತ್ತರದ ಒಂದು ಕಂಪ್ಯೂಟರ್ ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಹಿರಿಯರು ನಿವೃತ್ತರಾದಾಗ ಹೊಸಬರು ಬರಲಿಲ್ಲ. ಟೈಪಿಸ್ಟ್ ಹುಡುಗಿ ಊಟದ ಬಿಡುವಿನಲ್ಲಿ ಅದರ ಕೈಪಿಡಿ ಓದಿ ಓದಿ ಪ್ರೋಗ್ರಾಂ ಬರೆಯುವುದನ್ನು ಕಲಿತಳು. ಕರೆ ಬಂದ ವಿಳಾಸಕ್ಕೆ ಯಾವ ವಾಹನ ಹತ್ತಿರ ಎಂದು ಹುಡುಕಿ ಆ ಶೆಡ್ಡಿನ ಗೋಡೆಯ ಮೇಲಿನ ಗಂಟೆಯ ಯಂತ್ರಕ್ಕೆ ತಂತಿಯಲ್ಲಿ ಸುದ್ದಿ ಕಳಿಸುವ ಪ್ರೋಗ್ರಾಂ ಅವರದೇ. ಅರ್ಧ ಜೀವಮಾನ ಅದನ್ನು ತಿದ್ದಿ ತೀಡಿದರು. ಮಗಳನ್ನು ಹೆತ್ತು ಎದ್ದು ಬಂದಾಗಲೂ ಅದು ಓಡುತ್ತಲೇ ಇತ್ತು, ಅಪ್ಪನನ್ನು ಕಳಕೊಂಡು ಬಂದಾಗಲೂ ಓಡುತ್ತಲೇ ಇತ್ತು.

"ಅದು ಸ್ವಂತ ಮನೆ ಇದ್ದಂಗೆ," ಅನ್ನುತ್ತಾರೆ. "ಯಂತ್ರ ಇರೋದೇ ನನ್ನ ಪ್ರೋಗ್ರಾಂಗೋಸ್ಕರ. ದೀಪ ಹಚ್ಚೋದೂ ನಾನೇ, ಆರಿಸೋದೂ ನಾನೇ. ಆರಿಸೋ ಪ್ರಮೇಯಾನೇ ಬರ್ಲಿಲ್ಲ ಅನ್ನಿ."

ಆಮೇಲೊಂದು ದಿನ ಗಾಜಿನ ಕೋಣೆ ಖಾಲಿಯಾಯಿತು. ಯಂತ್ರವನ್ನು ನಾಲ್ಕು ಜನ ಹಗ್ಗ ಕಟ್ಟಿ ಇಳಿಸಿದರು. ಇನ್ನು ಮೇಲೆ ಪ್ರತಿ ಚಾಲಕನಿಗೂ ಒಂದು ಫೋನು, ಕರೆ ನೇರ ಅವನ ಕೈಗೇ ಹೋಗುತ್ತದೆ ಎಂದು ತೀರ್ಮಾನವಾಗಿತ್ತು. ಕಚೇರಿಗೆ ಹೊಸದಾಗಿ ಬಂದಿದ್ದ ಯುವ ಮುಖ್ಯಸ್ಥರು ಅವರನ್ನು ಕರೆದು, ಕಲಿಯುತ್ತೀರಾ, ಇಲ್ಲ ಮನೆಗೆ ಹೋಗುತ್ತೀರಾ ಎಂದು ಕೇಳಿದರು. ಮರ್ಯಾದೆಯಿಂದಲೇ ಕೇಳಿದರು. ಆ ಮರ್ಯಾದೆಯೇ ಹೆಚ್ಚು ಚುಚ್ಚಿತು.

ಕಲಿಸಲು ಕೂತವಳು ಪಕ್ಕದ ಮೇಜಿನ ದಪ್ಪ ಕನ್ನಡಕದ ಹುಡುಗಿ, ಅವರ ಮಗಳಿಗಿಂತ ಚಿಕ್ಕವಳು. ಮೊದಲ ತಿಂಗಳು ಅ ಆ ಇ ಈ ತಿದ್ದಿದ ಹಾಗೇ ಆಯಿತು. ಬರೆದ ಸಾಲನ್ನು ಯಂತ್ರ ಮೇಲಿನಿಂದ ಕೆಳಕ್ಕೆ ಓದಿಕೊಂಡು ಹೋಗುತ್ತದೆ ಎಂಬ ನಂಬಿಕೆಯೇ ಇಲ್ಲಿ ನಡೆಯಲಿಲ್ಲ. ಬೆರಳು ಎಲ್ಲಿ ಬೀಳುತ್ತದೋ ಅಲ್ಲಿಂದ ಕೆಲಸ ಶುರು. ಫೋನು ಅಡ್ಡ ತಿರುಗಿದರೆ ಪರದೆ ಸತ್ತು ಮತ್ತೆ ಹುಟ್ಟುತ್ತಿತ್ತು, ತುಂಬಿದ ವಿಳಾಸವೆಲ್ಲ ಮಾಯ. ಒಂದು ಮಧ್ಯಾಹ್ನ ಶೌಚಾಲಯದ ಬಾಗಿಲು ಹಾಕಿಕೊಂಡು ಅತ್ತು, ಮುಖ ತೊಳೆದು ಬಂದು ಕೂತರು. ಹುಡುಗಿ ಬಿಸ್ಕತ್ತಿನ ಪೊಟ್ಟಣ ಮುಂದೆ ತಳ್ಳಿದಳು.

"ನನಗೆ ಗೊತ್ತಿಲ್ದೇ ಇರೋದು ಕಷ್ಟ ಆಗ್ಲಿಲ್ಲ," ಅನ್ನುತ್ತಾರೆ. "ಗೊತ್ತಿರೋದೇ ಅಡ್ಡ ಬರ್ತಿತ್ತು. ಹಳೇ ಚಪ್ಪಲಿ ಹಾಕ್ಕೊಂಡು ನೀರಿಗಿಳಿದಂಗೆ."

ಮನೆಯಲ್ಲಿ ಗಂಡ ತಮಾಷೆ ಮಾಡುತ್ತಿದ್ದರು. ಅವರದು ಮೂರು ಕುರ್ಚಿಗಳ ಕ್ಷೌರದಂಗಡಿ, ಬೀದಿಯ ತಿರುವಿನಲ್ಲಿ. "ನೋಡೇ, ನಾನು ಕತ್ತರೀಲಿ ತಪ್ಪು ಮಾಡಿದ್ರೆ ಹದಿನೈದು ದಿನಕ್ಕೆ ಬೆಳೆದು ಸರಿಹೋಗುತ್ತೆ. ನಿನ್ನ ತಪ್ಪು ಹಂಗಲ್ಲ ಕಣೆ," ಎಂದು ಬಂದ ಗಿರಾಕಿಗಳ ಮುಂದೆಲ್ಲ ಹೇಳಿ ನಗುತ್ತಿದ್ದರು. ಗಂಟೆಯಮ್ಮನೂ ನಗುತ್ತಿದ್ದರು.

ವರ್ಷ ತುಂಬುವುದರೊಳಗೆ ಪ್ರೋಗ್ರಾಂ ಸಿದ್ಧವಾಯಿತು. ಕಚೇರಿಯ ಮೇಜಿನ ಮೇಲೆ ಸಾವಿರ ಸಲ ಪರೀಕ್ಷೆ ಮಾಡಿದರು. ಒಂದು ಸಲವೂ ತಪ್ಪಲಿಲ್ಲ. ಕರೆ ಹೋದೊಡನೆ ಕೇಂದ್ರದ ಪರದೆಯ ಮೇಲೆ ಹಸಿರು ಗುರುತು ಬೀಳುತ್ತಿತ್ತು. ಮುಖ್ಯಸ್ಥರು ಎಲ್ಲರೆದುರು ಚಪ್ಪಾಳೆ ತಟ್ಟಿಸಿದರು.

ಫೋನುಗಳು ಚಾಲಕರ ಕೈ ಸೇರಿ ಎರಡನೇ ತಿಂಗಳು. ಬಿಸಿಲಿನ ಮಧ್ಯಾಹ್ನ ಒಬ್ಬ ದರ್ಜಿ ಹೊಲಿಗೆ ಯಂತ್ರದ ಮುಂದೆ ಎದೆ ಹಿಡಿದುಕೊಂಡು ಕುಸಿದ. ಹೆಂಡತಿ ಕರೆ ಮಾಡಿದಳು. ಕೇಂದ್ರದಲ್ಲಿ ಹಸಿರು ಗುರುತು ಬಿತ್ತು. ಅದನ್ನು ನೋಡಿ ಅಲ್ಲಿದ್ದವರು, "ವಾಹನ ಹೊರಟಿದೆ, ದಾರೀಲಿದೆ," ಅಂದರು. ಹತ್ತಿರದ ಆಂಬುಲೆನ್ಸು ಅವರ ಬೀದಿಯಿಂದ ಕೂಗಳತೆಯ ದೂರದಲ್ಲೇ ಮರದ ನೆರಳಿಗೆ ನಿಂತಿತ್ತು. ಒಳಗೆ ಚಾಲಕ ಪೇಪರ್ ಓದುತ್ತಿದ್ದ. ಫೋನು ಪಕ್ಕದ ಸೀಟಿನ ಮೇಲಿತ್ತು. ಅದು ಹೊಡೆದುಕೊಳ್ಳಲೇ ಇಲ್ಲ. ಹೆಂಡತಿ ಎರಡನೇ ಸಲ ಕರೆ ಮಾಡಿ, ಇನ್ನೊಂದು ವಾಹನ ದೂರದಿಂದ ಬರುವಷ್ಟರಲ್ಲಿ ದರ್ಜಿ ಹೋಗಿಬಿಟ್ಟಿದ್ದ.

ಚಾಲಕ ನಿದ್ದೆ ಮಾಡಿದ್ದಾನೆ ಎಂದು ಎಲ್ಲರೂ ಅಂದರು. ಅವನು ಇಲ್ಲ ಅಂದ. ಯಾರೂ ಕೇಳಲಿಲ್ಲ. ದರ್ಜಿಯ ಸಂಬಂಧಿಕರು ಶೆಡ್ಡಿಗೆ ನುಗ್ಗಿ ಅವನ ಅಂಗಿ ಹರಿದರು. ಕಚೇರಿ ಅವನನ್ನು ಅಮಾನತು ಮಾಡಿ ವಿಚಾರಣೆಗೆ ದಿನ ಗೊತ್ತುಮಾಡಿತು.

ಗಂಟೆಯಮ್ಮ ಆ ಫೋನನ್ನು ತರಿಸಿಕೊಂಡು ಮತ್ತೆ ಪರೀಕ್ಷಿಸಿದರು. ಗಂಟೆ ಬಾರಿಸಿತು. ಮತ್ತೆ ಕಳಿಸಿದರು, ಮತ್ತೆ ಬಾರಿಸಿತು. ಚಾಲಕನದೇ ತಪ್ಪು ಎಂದು ಅವರಿಗೂ ಅನ್ನಿಸಿತು. ಒಂದು ಕ್ಷಣ ಸಮಾಧಾನವೂ ಆಯಿತು. ಆದರೂ ಸಂಜೆ ಶೆಡ್ಡಿಗೆ ಹೋಗಿ ಆ ವಾಹನದೊಳಗೆ ಕೂತು ನೋಡಿದರು. ಚಾರ್ಜರಿನ ವೈರು ಬುಡದಲ್ಲೇ ತುಂಡಾಗಿತ್ತು. ತಮ್ಮ ಮೇಜಿನ ಮೇಲೆ ಫೋನು ಯಾವಾಗಲೂ ಕಂಪ್ಯೂಟರಿನ ವೈರಿಗೆ ಅಂಟಿಕೊಂಡೇ ಇರುತ್ತದೆ ಎಂಬುದು ಆಗ ನೆನಪಾಯಿತು.

ವೈರು ಕಿತ್ತರು. ಪರದೆ ಆರಿಸಿ ಸೀಟಿನ ಮೇಲಿಟ್ಟರು. ಅಲುಗಾಡಿಸದೆ ಕಾದರು. ಆಮೇಲೆ ಕರೆ ಕಳಿಸಿದರು. ಫೋನು ಕಲ್ಲಿನಂತೆ ಬಿದ್ದಿತ್ತು. ಬ್ಯಾಟರಿ ಉಳಿಸಬೇಕೆಂದು, ಅಲುಗದೆ ಬಿದ್ದ ಫೋನು ಒಳಗಿನ ಪ್ರೋಗ್ರಾಂಗಳನ್ನೆಲ್ಲ ಮಲಗಿಸಿಬಿಡುತ್ತದೆ. ಫೋನಿನ ಕೈಪಿಡಿಯಲ್ಲಿ ಅದಕ್ಕೊಂದು ಅಧ್ಯಾಯವೇ ಇತ್ತು. ಅದರ ಪುಟ ಅವರು ತೆರೆದಿದ್ದರು, ಓದದೆ ದಾಟಿದ್ದರು.

"ಬ್ಯಾಟರಿ ಉಳಿತಾಯ ಅಂತ ತಲೆಬರಹ ಇತ್ತು. ನಮ್ಮ ಗಾಡೀಲಿ ಚಾರ್ಜರ್ ಇದೆಯಲ್ಲ, ನಮಗ್ಯಾಕೆ ಇದು ಅಂದ್ಕೊಂಡೆ. ನನ್ನ ಹಳೇ ಯಂತ್ರ ಯಾವತ್ತೂ ಮಲಗಿರ್ಲಿಲ್ಲ ನೋಡಿ. ಯಂತ್ರ ಮಲಗುತ್ತೆ ಅಂತ ಅನ್ಕೊಳ್ಳೋದೇ ನನಗೆ ಬರ್ತಿರ್ಲಿಲ್ಲ. ಸ್ವಂತ ಮನೇಲಿ ಇದ್ದವಳು ಬಾಡಿಗೆಗೆ ಬಂದಿದ್ದೆ. ಮಾಲೀಕನ ನಿಯಮ ಕೇಳ್ಲೇ ಇಲ್ಲ."

ಹಸಿರು ಗುರುತಿನ ಕಥೆ ಇನ್ನೂ ಕೆಟ್ಟದ್ದು. ಸಂದೇಶ ಕೇಂದ್ರದಿಂದ ಹೊರಟರೆ ಸಾಕು, ಅದು ಬೀಳುತ್ತಿತ್ತು. ತಂತಿಯ ಕಾಲದಲ್ಲಿ ಹೊರಟದ್ದು ತಲುಪಿಯೇ ತಲುಪುತ್ತಿತ್ತು, ಗೋಡೆಯ ಗಂಟೆ ಇಡೀ ಶೆಡ್ಡಿಗೆ ಕೇಳುತ್ತಿತ್ತು. ಆ ರೂಢಿಯನ್ನೇ ಅವರು ಇಲ್ಲಿಗೂ ತಂದಿದ್ದರು.

ಮುಖ್ಯಸ್ಥರು ಕೇಳಿಸಿಕೊಂಡು ಬಾಗಿಲು ಮುಚ್ಚಿದರು. "ಇದು ಫೋನ್ ತಯಾರಿಸಿದವರ ತಪ್ಪು, ನಿಮ್ಮದಲ್ಲ. ನೀವಾಗಿ ಯಾಕೆ ಮೈಮೇಲೆ ಎಳ್ಕೊತೀರಿ? ಸುಮ್ನಿರಿ," ಅಂದರು. ಅವರ ಮಾತಿನಲ್ಲಿ ಕೆಡುಕಿರಲಿಲ್ಲ, ಹೆದರಿಕೆಯಿತ್ತು. ಮನೆಯಲ್ಲಿ ಗಂಡ ಕತ್ತರಿ ಸಾಣೆ ಹಿಡಿಯುತ್ತ ಎಲ್ಲವನ್ನೂ ಕೇಳಿದರು. ತಮಾಷೆಯ ಮಾತು ಬರಲಿಲ್ಲ. ಅವತ್ತಿನಿಂದ ಇವತ್ತಿನವರೆಗೂ ಬಂದಿಲ್ಲ. "ಆ ಡ್ರೈವರ್ ಹುಡುಗನ ಮನೇಲಿ ಇವತ್ತು ಯಾರಿಗೂ ಊಟ ಸೇರಿರಲ್ಲ," ಎಂದಷ್ಟೇ ಅಂದರು.

ವಿಚಾರಣೆಯ ಕೋಣೆಯಲ್ಲಿ ಅವರು ಫೋನನ್ನು ಮೇಜಿನ ನಡುವೆ ಇಟ್ಟು, ಯಾರೂ ಮುಟ್ಟಬೇಡಿ ಎಂದು ಕೇಳಿಕೊಂಡರು. ಸಾಲಾಗಿ ಕೂತ ದೊಡ್ಡವರು, ಎದುರಿಗೆ ಕೈಕಟ್ಟಿ ನಿಂತ ಚಾಲಕ, ಎಲ್ಲರೂ ಆ ಕಪ್ಪು ಪರದೆಯನ್ನೇ ನೋಡುತ್ತ ಕಾದರು. ಯಾರೋ ಕೆಮ್ಮಿದರು. ಆಮೇಲೆ ಅವರು ಕರೆ ಕಳಿಸಿದರು. ಲ್ಯಾಪ್‌ಟಾಪಿನಲ್ಲಿ ಹಸಿರು ಗುರುತು ಬಿತ್ತು. ಮೇಜಿನ ಮೇಲೆ ಸದ್ದಿಲ್ಲ.

"ನಿದ್ದೆ ಹೋಗಿದ್ದು ಇವನಲ್ಲ, ಇದು," ಅಂದರು ಗಂಟೆಯಮ್ಮ. "ಎಬ್ಬಿಸೋದು ಹೇಗೆ ಅಂತ ಕಲೀಬೇಕಾಗಿದ್ದೋಳು ನಾನು. ಕಲೀಲಿಲ್ಲ."

ಚಾಲಕ ಖುಲಾಸೆಯಾದ. ವರದಿಯಲ್ಲಿ "ತಾಂತ್ರಿಕ ಕಾರಣ" ಎಂದು ಬಂತು. ಅವರ ಹೆಸರು ಎಲ್ಲೂ ಬರಲಿಲ್ಲ, ಶಿಕ್ಷೆಯೂ ಆಗಲಿಲ್ಲ. ಬಡ್ತಿ ನಿಂತಿತು, ಅಷ್ಟೇ. ಚಾಲಕ ಮಾತ್ರ ಕೆಲಸಕ್ಕೆ ಮರಳಲಿಲ್ಲ. ಈಗ ಐಸ್ ಸಾಗಿಸುವ ವ್ಯಾನು ಓಡಿಸುತ್ತಾನೆ. ದಾರಿಯಲ್ಲಿ ಎದುರಾದರೆ ತಲೆಯಾಡಿಸುತ್ತಾನೆ, ನಿಲ್ಲಿಸುವುದಿಲ್ಲ.

ದರ್ಜಿಯ ಮನೆಗೂ ಹೋಗಿದ್ದರು, ಒಬ್ಬರೇ. ಬಾಗಿಲಲ್ಲೇ ನಿಂತು ತಾನು ಯಾರೆಂದು ಹೇಳಿದರು. ಹೆಂಡತಿ ಕೂರಲು ಹೇಳಲಿಲ್ಲ. ಒಳಗೆ ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಅರ್ಧ ಹೊಲಿದ ಬಟ್ಟೆ ಹಾಗೇ ಸಿಕ್ಕಿಕೊಂಡಿತ್ತು.

"ಎದುರುಮನೆಯವರು ಕಾರು ತೆಗೆದು ನಿಲ್ಲಿಸಿದ್ರು," ಅಂದಳು ಆಕೆ. "ಬೇಡ, ಆಂಬುಲೆನ್ಸ್ ಹೊರಟಿದೆಯಂತೆ ಅಂತ ನಾನೇ ಅಂದೆ. ನಾನೇ ಬೇಡ ಅಂದಿದ್ದು. ಅದನ್ನ ಏನು ಮಾಡ್ಲಿ ಹೇಳಿ?"

"ತಪ್ಪು ನಂದು," ಅಂದರು ಗಂಟೆಯಮ್ಮ.

"ಹೌದು," ಅಂದಳು ಆಕೆ. "ಇನ್ನು ಬರ್ಬೇಡಿ." ಅವರು ಮತ್ತೆ ಹೋಗಿಲ್ಲ.

ರಾಜೀನಾಮೆ ಬರೆದಿದ್ದರು. ತಡೆದವಳು ಕನ್ನಡಕದ ಹುಡುಗಿ. "ನೀವು ಹೋದ್ರೆ ಇದನ್ನ ಸರಿಮಾಡೋದು ನಾನು. ನನಗೆ ಆ ಮರದ ನೆರಳು ಗೊತ್ತಿಲ್ಲ, ಮುರಿದ ವೈರೂ ಗೊತ್ತಿಲ್ಲ. ಇನ್ನೊಬ್ಬರು ಸಾಯ್ಬೇಕಾ ನಾನು ಕಲಿಯೋಕೆ?" ಎಂದು ಒರಟಾಗಿಯೇ ಕೇಳಿದಳಂತೆ. ಇಬ್ಬರೂ ಕೂತು ಬುಡದಿಂದ ಬರೆದರು. ಮಲಗಿದ ಫೋನನ್ನು ಎಬ್ಬಿಸುವ ವಿಶೇಷ ದಾರಿಯನ್ನು ಕೈಪಿಡಿಯ ಅದೇ ಅಧ್ಯಾಯದಿಂದ ಕಲಿತರು. ಚಾಲಕ ಬೆರಳೊತ್ತಿ "ನೋಡಿದೆ" ಅನ್ನುವ ತನಕ ಕೇಂದ್ರದ ಪರದೆ ಸುಮ್ಮನಿರುವುದಿಲ್ಲ. ಒತ್ತದಿದ್ದರೆ ಕರೆ ಪಕ್ಕದ ವಾಹನಕ್ಕೆ ಹಾರುತ್ತದೆ. ಇಷ್ಟಾದರೂ ಫೋನಿನ ನಿಯಮ ಬದಲಾಗುತ್ತಲೇ ಇರುತ್ತದೆ. ಅದಕ್ಕೇ ಈ ಬೆಳಗಿನ ಸುತ್ತು. ಮೊಣಕಾಲು ನೋಯುತ್ತದೆ, ಬಸ್ಸು ಸಿಗುವುದಿಲ್ಲ, ಚಾಲಕರು ಗೊಣಗುತ್ತಾರೆ. ಹೋದ ವಾರ ಎರಡು ಫೋನು ಮಲಗಿದ್ದವು. ಅದಕ್ಕೂ ಹಿಂದಿನ ವಾರ ಒಂದೂ ಇಲ್ಲ. "ಒಂದೂ ಸಿಗದ ವಾರ ಹೆಚ್ಚು ಭಯ," ಅನ್ನುತ್ತಾರೆ.

ಮುಂದಿನ ವರ್ಷ ಫೋನುಗಳೂ ಹೋಗುತ್ತವಂತೆ. ಪ್ರತಿ ವಾಹನದ ಮುಂಭಾಗದಲ್ಲೇ ಪರದೆ ಕೂರಿಸುತ್ತಾರಂತೆ. ಅದರ ಲೋಕವೇ ಬೇರೆ, ನಿಯಮಗಳೂ ಬೇರೆ. ಅದನ್ನು ಬರೆಯುವವಳು ಕನ್ನಡಕದ ಹುಡುಗಿ. ಗಂಟೆಯಮ್ಮನಿಗೆ ನಿವೃತ್ತಿ ಹತ್ತಿರ. ಆದರೂ ಅದರ ಕೈಪಿಡಿಯನ್ನು ಮೊದಲ ಪುಟದಿಂದ ಓದುತ್ತಿದ್ದಾರೆ, ಬೇಡವೆನಿಸಿದ ಅಧ್ಯಾಯಗಳನ್ನು ಎರಡೆರಡು ಸಲ. ಬೀಳ್ಕೊಡುಗೆಗೆ ಏನು ಬೇಕು ಎಂದು ಮುಖ್ಯಸ್ಥರು ಕೇಳಿದ್ದಾರೆ. ಸಭೆ, ಶಾಲು, ಭಾಷಣ ಯಾವುದೂ ಬೇಡ ಅಂದಿದ್ದಾರೆ.

"ಹಸಿರು ಗುರುತು ತೆಗೆದ ಜಾಗದಲ್ಲಿ ಒಂದು ಸಾಲು ಹಾಕಿದ್ದೀನಿ," ಅನ್ನುತ್ತಾರೆ, ಫೋನುಗಳನ್ನು ಒಂದೊಂದಾಗಿ ಚಾಲಕರ ಕೈಗಿಡುತ್ತ. "'ಚಾಲಕರು ಇನ್ನೂ ನೋಡಿಲ್ಲ' ಅಂತ. ಕೇಂದ್ರದೋರಿಗೆ ಅದನ್ನ ಕಂಡ್ರಾಗಲ್ಲ, ನೋಡಿದ್ರೆ ಎದೆ ಧಸಕ್ ಅನ್ನುತ್ತೆ ಅಂತಾರೆ. ಅನ್ಲಿ. ಇಷ್ಟು ವರ್ಷದಲ್ಲಿ ನಾನು ಬರೆದಿದ್ರಲ್ಲಿ ಸುಳ್ಳು ಹೇಳದೇ ಇರೋ ಸಾಲು ಅದೊಂದೇ. ಹೊಸ ಪರದೇಲಿ ಉಳಿದಿದ್ದೆಲ್ಲ ಹೇಗೆ ಬೇಕಾದ್ರೂ ಬದಲಾಯಿಸ್ಕೊಳ್ಲಿ. ಆ ಸಾಲು ಮಾತ್ರ ಇದ್ದಂಗೇ ಇರ್ಲಿ ಅಂತ ಕೇಳಿದ್ದೀನಿ."