ಆಸರೆ ಕಮಾನಿಲ್ಲದ ಚರ್ಚು

ಗಣಪತಿ ಹಬ್ಬಕ್ಕೆ ನಿಪ್ಪಾಣಿಯ ಮಂಡಳಿಗಳು ದೇಖಾವೆ ಕಟ್ಟುತ್ತವೆ. ಬಿದಿರು, ಬಟ್ಟೆ, ರಟ್ಟಿನಲ್ಲಿ ಎಲ್ಲಿಯದೋ ದೊಡ್ಡ ಕಟ್ಟಡ ನಿಲ್ಲಿಸಿ ಅದರೊಳಗೆ ಗಣಪತಿ ಕೂರಿಸುವುದು. ಬೇಡಕಿಹಾಳದ ಕಡೆಯಿಂದೆಲ್ಲ ಜನ ಟ್ರ್ಯಾಕ್ಟರ್ ಹತ್ತಿ ನೋಡಲು ಬರುತ್ತಾರೆ. ಆ ವರ್ಷ ನಮ್ಮ ಓಣಿಯ ಹುಡುಗರು ಬೆಂಕಿ ಬಿದ್ದು, ರಿಪೇರಿಯಾಗಿ, ಮತ್ತೆ ಬಾಗಿಲು ತೆರೆದ ಪ್ಯಾರಿಸಿನ ಚರ್ಚನ್ನು ಮೊಬೈಲಿನಲ್ಲಿ ನೋಡಿ, ಕಟ್ಟಿದರೆ ಅದನ್ನೇ ಎಂದು ಹಠ ಹಿಡಿದರು.

ಓಣಿಯಲ್ಲಿ ಇತಿಹಾಸ ಓದಿ ಎಂ.ಎ. ಮಾಡಿದವಳು ನಾನೊಬ್ಬಳೇ. "ಅಕ್ಕಾರ, ಮಾಹಿತಿ ನೀವ ಬರೀರಿ. ನಿಮ್ಮ ದನಿಯಾಗ ರೆಕಾರ್ಡ್ ಮಾಡಿ ಸ್ಪೀಕರಿನ್ಯಾಗ ಹಾಕ್ತೀವಿ" ಅಂದರು.

ಹಿಗ್ಗಿದ್ದು ಸುಳ್ಳಲ್ಲ. ಅವ್ವ ವಖಾರದ ಗೋದಾಮಿನಲ್ಲಿ ತಂಬಾಕು ಹಸನು ಮಾಡಿ ನನ್ನನ್ನು ಓದಿಸಿದವಳು. ಮನೆತನದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಆದರೆ ಮಗಳು ಓದಿದ್ದು ಏನು ಅಂತ ಯಾರಾದರೂ ಕೇಳಿದರೆ, "ದೊಡ್ಡ ಸಾಲಿ ಓದ್ಯಾಳ" ಅಂತ ಮುಗಿಸುತ್ತಿದ್ದಳು. ಈ ಸಲವಾದರೂ ನಾನು ಓದಿದ್ದು ಆಕೆಯ ಕಿವಿಗೆ ಬೀಳಲಿ ಅಂತ ಕೂತು ಬರೆದೆ.

ಮೊದಲಿನ ಚರ್ಚುಗಳಿಗೆ ಕೋಟೆಯಂಥ ದಪ್ಪ ಗೋಡೆ, ಗೂಡಿನಂಥ ಕಿಟಕಿ, ಒಳಗೆ ಕತ್ತಲು. ಗಾಥಿಕ್ ಕಾಲದ ಕಲ್ಲು ಕಟ್ಟುವ ಗವಂಡಿಗಳು ದುಂಡು ಕಮಾನು ಬಿಟ್ಟು ಚೂಪು ಕಮಾನು ಹಿಡಿದರು. ಕೊಡೆಯ ಕಡ್ಡಿಗಳ ಹಾಗೆ ಕಲ್ಲಿನ ಪಟ್ಟಿ ಎಳೆದು ಛಾವಣಿಯ ಭಾರವನ್ನು ಕಂಬಗಳಿಗೆ ಇಳಿಸಿದರು. ಗೋಡೆ ತುಂಬ ಬಣ್ಣದ ಗಾಜು ಕೂರಿಸಿದರು. ಪಾಯ ತೋಡಿದವರು ಶಿಖರ ನೋಡಲಿಲ್ಲ, ಕೆಲಸ ಮೊಮ್ಮಕ್ಕಳ ಕಾಲಕ್ಕೂ ಸಾಗಿತು. ಇದೆಲ್ಲ ಬೀಳದೆ ನಿಂತ ಗುಟ್ಟನ್ನು ಕೊನೆಗೆ ಇಟ್ಟಿದ್ದೆ. ಛಾವಣಿ ಗೋಡೆಯನ್ನು ಹೊರಕ್ಕೆ ದಬ್ಬುತ್ತದೆ. ಅದನ್ನು ತಡೆಯಲು ಹೊರಗೆ ದಪ್ಪ ಕಂಬ ಎಬ್ಬಿಸಿ, ಅಲ್ಲಿಂದ ಗೋಡೆಗೆ ಅರ್ಧ ಕಮಾನು ಆನಿಸಿದರು. ಇಡೀ ಚರ್ಚು ನಿಂತಿರುವುದೇ ಆ ಆಸರೆ ಕಮಾನುಗಳ ಮೇಲೆ.

ಕಟ್ಟುವುದು ಶುರುವಾದ ಮೇಲೆ ರಗಳೆ ಶುರು. ತುದಿಗೆ ಕಳಸ ಬೇಕೆಂದರು. ಒಳಗೆ ಕೂರುವವನು ಗಣಪ, ಇರಲಿ ಅಂದೆ. ಆಸರೆ ಕಮಾನೇ ಬೇಡ ಅಂದಾಗ ಮಾತ್ರ ತಡೆಯಲಾಗಲಿಲ್ಲ.

"ಆ ಜಾಗಾದಾಗ ರೊಕ್ಕಾ ಕೊಟ್ಟ ಸಾವಕಾರ್ರ ಫ್ಲೆಕ್ಸ್ ಬರಬೇಕ್ರಿ ಅಕ್ಕಾರ" ಅಂದ ಮಂಡಳಿಯ ಅಧ್ಯಕ್ಷ.

"ಅವಿಲ್ಲಂದ್ರ ಗ್ವಾಡಿ ನಿಲ್ಲಂಗಿಲ್ಲೋ ತಮ್ಮಾ!"

"ಒಳಗ ಬಿದರ ಕಟ್ಟೀವಲ್ರಿ. ಪಾಪ, ಪ್ಯಾರಿಸ್‌ದಾಗ ಬಿದರ ಸಿಕ್ಕಿರಾಕಿಲ್ಲ."

ಎಲ್ಲ ನಕ್ಕರು. "ಅಕ್ಕಾರ ಕ್ಲಾಸ್ ತಗೊಳ್ಳಾಕತ್ತಾರ, ಹಾಜರಿ ಹೇಳ್ರೋ!" ಅಂತ ಇನ್ನೊಬ್ಬ ಕೂಗಿದ. ಬೀಳುತ್ತದೆ ಅಂತಲ್ಲ, ಅದಿಲ್ಲದಿದ್ದರೆ ಅದು ಆ ಚರ್ಚೇ ಅಲ್ಲ ಅಂತ ಬಡಕೊಂಡೆ. ಫೋಟೋ ತೋರಿಸಿದೆ. ಮರುದಿನ ಸಾವಕಾರರು ಫ್ಲೆಕ್ಸಿನಲ್ಲಿ ಕೈಮುಗಿದು ನಗುತ್ತ, ಚರ್ಚಿನ ಪಕ್ಕೆಗೆ ಪಕ್ಕೆ ಹಚ್ಚಿ ನಿಂತಿದ್ದರು. ಸುತ್ತ ಕಾರ್ಯಕರ್ತರ ಸಣ್ಣ ಸಣ್ಣ ಮುಖಗಳು.

ದೇಖಾವೆ ತೆರೆದ ಸಂಜೆ ಅವ್ವನನ್ನು ಕರೆದುಕೊಂಡು ಹೋದೆ. ಮದುವೆಗೆ ಹೊರಟವಳಂತೆ ಇಳಕಲ್ ಸೀರೆ ಉಟ್ಟಿದ್ದಳು. ಸ್ಪೀಕರಿನಲ್ಲಿ ನನ್ನ ದನಿ ಬಂದದ್ದೇ ಪಕ್ಕದವಳನ್ನು ತಿವಿದು, "ನಮ್ಮಾಕಿ, ನಮ್ಮಾಕಿ" ಅಂದಳು. ಚೂಪು ಕಮಾನು ಆಯಿತು, ಕೊಡೆಯ ಕಡ್ಡಿ ಆಯಿತು. ಬಣ್ಣದ ಗಾಜಿಗೆ ಬರುವಷ್ಟರಲ್ಲಿ ಸಾವಕಾರರ ಗಾಡಿ ಬಂತು. ನನ್ನ ದನಿ ಟಕ್ಕನೆ ನಿಂತು, ಬ್ಯಾಂಡ್ ಹೊಡೆಯಿತು, ಸತ್ಕಾರ ಶುರುವಾಯಿತು. "ಆಮ್ಯಾಲ ಹಚ್ಚತೀವ್ರಿ" ಅಂದ ಅಧ್ಯಕ್ಷ, ಶಾಲು ಹಿಡಿದು ಓಡುತ್ತ.

ಅವ್ವ ಕಾದು ನೋಡಿ ನನ್ನ ಕಿವಿಗೆ ಬಾಯಿ ಹಚ್ಚಿದಳು. "ಗ್ವಾಡಿ ತುಂಬ ಗಾಜ ಅಂದಿ. ಹಂಗಾರ ಅಷ್ಟ ಭಾರದ ಮಾಳಿಗಿ ಹೆಂಗ ನಿಂತೈತಿ?"

ಇಷ್ಟು ದಿನ ಒಬ್ಬರೂ ಕೇಳಿರಲಿಲ್ಲ. ಆಸರೆ ಕಮಾನಿನ ಜಾಗ ತೋರಿಸಲು ಕೈ ಎತ್ತಿದೆ. ಬೆರಳು ಹೋಗಿ ನಿಂತದ್ದು ಫ್ಲೆಕ್ಸಿನ ಸಾವಕಾರರ ಮೂಗಿನ ಮೇಲೆ.

ಅವ್ವ ಫ್ಲೆಕ್ಸನ್ನು ಮೇಲಿನಿಂದ ಕೆಳಗೆ ನೋಡಿದಳು. "ಇವರ ಹಿಡದಾರೇನ?"

ಅಲ್ಲವ್ವಾ, ಅಲ್ಲ ಅಂತ ಕೂಗಿದೆ. ಬ್ಯಾಂಡಿನ ಗದ್ದಲದಲ್ಲಿ ಆಕೆಗೆ ಕೇಳಲಿಲ್ಲ.